ವರ್ಣತಂತುವಿಗೆ ಅಂಟಿದ ಪ್ರೋಟೀನುಗಳು ಮತ್ತು ಕೋಶವಿಭಜನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಪುಸ್ತಕದಲ್ಲಿ ಕೋಶವಿಭಜನೆಯ ಚಿತ್ರ ಬಿಡಿಸಿದವರಿಗೆಲ್ಲ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೊಫೇಸ್ ಎಂಬ ನಾಲ್ಕು ಹೆಸರು ನೆನಪಿರುತ್ತವೆ. ಆದರೆ ಒಂದು ಹಂತ ಮುಗಿಯಿತು, ಇನ್ನು ಮುಂದಕ್ಕೆ ಹೋಗಬಹುದು ಎಂದು ತೀರ್ಮಾನಿಸುವವರು ಯಾರು? ಆ ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ. ತೀರ್ಮಾನದ ಬಹುಪಾಲು ನಡೆಯುವುದು ವರ್ಣತಂತುವಿನ ಮೈಮೇಲೆಯೇ, ಅಲ್ಲಿ ಕೂತ ಪ್ರೋಟೀನುಗಳ ಕೈಯಲ್ಲಿ. ಈ ಪುಟದ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಬರುವುದು ಅಲ್ಲಿಗೇ.

ವರ್ಣತಂತು ಎಂದರೆ ಡಿಎನ್‌ಎ ತಾನೇ? ಅಲ್ಲಿ ಪ್ರೋಟೀನಿಗೇನು ಕೆಲಸ?

ಬರೀ ಡಿಎನ್‌ಎ ಅಲ್ಲ. ವಿಭಜನೆಗೆ ಸಿದ್ಧವಾದ ವರ್ಣತಂತುವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪ್ರೋಟೀನಿನದು. ಮನುಷ್ಯನ ಒಂದು ಕೋಶದಲ್ಲಿರುವ 46 ವರ್ಣತಂತುಗಳ ಡಿಎನ್‌ಎಯನ್ನು ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಸುಮಾರು 2 ಮೀಟರ್ ಆಗುತ್ತದೆ. ಅದು ವಾಸಿಸಬೇಕಾದ ಕೋಶಕೇಂದ್ರದ ಅಗಲವೋ, ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು. ಇಷ್ಟುದ್ದದ ಎಳೆ ಸಿಕ್ಕಾಗದೆ ಇರಬೇಕಾದರೆ ಸುತ್ತಿಡಲು ಏನಾದರೂ ಬೇಕೇ ಬೇಕು.

ಮೊದಲ ಸುತ್ತು ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ. ಎಂಟು ಹಿಸ್ಟೋನ್‌ಗಳು ಸೇರಿದ ಒಂದು ಗುಂಡಿಯ ಸುತ್ತ 147 ಬೇಸ್ ಜೋಡಿಗಳಷ್ಟು (ಒಂದು ಬೇಸ್ ಜೋಡಿ ಎಂದರೆ ಡಿಎನ್‌ಎ ಏಣಿಯ ಒಂದು ಮೆಟ್ಟಿಲು) ಡಿಎನ್‌ಎ ಎರಡಕ್ಕೆ ತುಸು ಕಡಿಮೆ ಸುತ್ತು ಹಾಕಿಕೊಂಡಿರುತ್ತದೆ. ಇದಕ್ಕೆ ನ್ಯೂಕ್ಲಿಯೋಸೋಮ್ ಎಂದು ಹೆಸರು. ಅಂಥ ಕೋಟ್ಯಂತರ ಗುಂಡಿಗಳ ಸರ ನಮ್ಮ ಒಂದೊಂದು ಕೋಶದಲ್ಲೂ ಇದೆ. ಹಿಸ್ಟೋನ್‌ಗಳ ಆಚೆಗೆ ನೂರಾರು ಬಗೆಯ ಪ್ರೋಟೀನುಗಳು ಬಂದು ಕೂರುತ್ತವೆ, ಎದ್ದು ಹೋಗುತ್ತವೆ. ಕೆಲವು ಕೋಶದ ಬಾಳುದ್ದಕ್ಕೂ ಇರುವಂಥವು, ಕೆಲವು ಕೆಲವೇ ನಿಮಿಷದ ಅತಿಥಿಗಳು.

ವರ್ಣತಂತು ಎಂಬ ಹೆಸರಿನ ಬಗ್ಗೆ ಒಂದು ಮಾತು. 1880ರ ಸುಮಾರಿಗೆ ವಾಲ್ಟರ್ ಫ್ಲೆಮಿಂಗ್ ಬಣ್ಣ ಹಾಕಿದ ಕೋಶಗಳಲ್ಲಿ ಈ ಎಳೆಗಳ ಓಡಾಟವನ್ನು ಕಂಡು ವಿವರಿಸಿದ. 1888ರಲ್ಲಿ ವಾಲ್ಡೆಯರ್ ಅವಕ್ಕೆ ಕ್ರೋಮೋಸೋಮ್ ಎಂದು ಹೆಸರಿಟ್ಟ. ಬಣ್ಣ ಹೀರುವ ಎಳೆ, ಆದ್ದರಿಂದ ನಮ್ಮಲ್ಲಿ ವರ್ಣತಂತು. ಅದಕ್ಕೆ ತನ್ನದೇ ಬಣ್ಣವಿಲ್ಲ.

ಸುತ್ತಿಡುವುದು ಸರಿ. ನಿಯಂತ್ರಣ ಎನ್ನುವುದು ದೊಡ್ಡ ಮಾತಾಗಲಿಲ್ಲವೇ?

ಹಿಂದೆ ಹಾಗೇ ತಿಳಿದಿದ್ದರು. ಕೋಶವಿಭಜನೆಯಲ್ಲಿ ವರ್ಣತಂತುಗಳ ಪಾತ್ರ ಶವಯಾತ್ರೆಯಲ್ಲಿ ಶವದ ಪಾತ್ರದಂತೆ ಎಂಬ ಹಳೆಯ ಹೋಲಿಕೆಯೊಂದು ಕೋಶವಿಜ್ಞಾನಿಗಳಲ್ಲಿ ಓಡಾಡುತ್ತಿತ್ತು. ನಡೆಯುವುದೆಲ್ಲ ಅದಕ್ಕಾಗಿಯೇ, ಆದರೆ ಅದು ತಾನಾಗಿ ಏನೂ ಮಾಡುವುದಿಲ್ಲ. ಕೇಳಲು ಚಂದ, ಆದರೆ ತಪ್ಪು.

ತಪ್ಪೆಂದು ತೋರಿಸಿದ ಪ್ರಯೋಗಗಳಲ್ಲಿ ನನಗೆ ಬಹಳ ಇಷ್ಟವಾದದ್ದು 1996ರದು. ಕಪ್ಪೆಯ ಮೊಟ್ಟೆಗಳನ್ನು ಜಜ್ಜಿ ತೆಗೆದ ರಸದೊಳಗೆ ಡಿಎನ್‌ಎ ಲೇಪಿಸಿದ ಸಣ್ಣ ಮಣಿಗಳನ್ನು ಹಾಕಿದರು. ಆ ಡಿಎನ್‌ಎ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಪ್ಲಾಸ್ಮಿಡ್ ಎಂಬ ಪುಟ್ಟ ತುಣುಕು, ನಿಜವಾದ ವರ್ಣತಂತು ಕೂಡ ಅಲ್ಲ. ಆದರೂ ರಸದಲ್ಲಿದ್ದ ಪ್ರೋಟೀನುಗಳು ಅದರ ಮೇಲೆ ಹತ್ತಿ ಕೂತವು, ಮಣಿಗಳ ಸುತ್ತ ಎರಡು ತುದಿಯ ಕದಿರು ತಾನಾಗಿ ಕಟ್ಟಿಕೊಂಡಿತು. ಕದಿರು ಎಂದರೆ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ನಳಿಕೆಗಳ ಕಟ್ಟು. ನೂಲುವ ಕದಿರಿನಂತೆ ನಡುವೆ ಉಬ್ಬಿ ಎರಡೂ ತುದಿಯಲ್ಲಿ ಚೂಪಾಗಿರುವುದರಿಂದ ಆ ಹೆಸರು.

ಹೀಗಾಗಲು ಮುಖ್ಯ ಕಾರಣ ಆರ್‌ಸಿಸಿ1 ಎಂಬ ಪ್ರೋಟೀನು. ನ್ಯೂಕ್ಲಿಯೋಸೋಮಿಗೆ ಅಂಟಿ ಕೂತು, ರಾನ್ ಎಂಬ ಇನ್ನೊಂದು ಪುಟ್ಟ ಪ್ರೋಟೀನನ್ನು ಅದು ಚುರುಕಾಗಿಸುತ್ತದೆ. ವರ್ಣತಂತುವಿನ ಹತ್ತಿರ ಚುರುಕು ರಾನ್ ದಟ್ಟ, ದೂರ ಹೋದಂತೆ ವಿರಳ. ಕದಿರು ಕಟ್ಟುವ ಸಾಮಗ್ರಿಗಳಿಗೆ ಇದೇ ದಿಕ್ಸೂಚಿ. ಶವ ಎಂದುಕೊಂಡದ್ದು ಎದ್ದು ಕೂತು ತಾನಿರುವ ಜಾಗವನ್ನು ಕೂಗಿ ಹೇಳುತ್ತಿದೆ ಎಂದಾಯಿತು.

ಡಿಎನ್‌ಎ ಒಂದೇ ಸಲ ನಕಲಾಗಬೇಕು, ಎರಡು ಸಲ ಆಗಬಾರದು. ಕೋಶ ಈ ಲೆಕ್ಕ ಇಡುವುದು ಹೇಗೆ?

ಪರವಾನಗಿ ಕೊಟ್ಟು. ನಕಲು ಶುರುವಾಗುವ ಜಾಗಗಳಲ್ಲಿ ಓಆರ್‌ಸಿ ಎಂಬ ಪ್ರೋಟೀನುಗಳ ತಂಡ ಡಿಎನ್‌ಎಯನ್ನು ಹಿಡಿದು ಕೂತಿರುತ್ತದೆ. ಸಿಡಿಸಿ6 ಮತ್ತು ಸಿಡಿಟಿ1 ಎಂಬ ಇನ್ನಿಬ್ಬರ ನೆರವಿನಿಂದ ಅದು ಎಂಸಿಎಂ ಎಂಬ ಉಂಗುರವನ್ನು ಡಿಎನ್‌ಎಗೆ ತೊಡಿಸುತ್ತದೆ. ಈ ಉಂಗುರವೇ ಪರವಾನಗಿ. ನಕಲು ಮಾಡುವ ಕಾಲ ಬಂದಾಗ ಉಂಗುರ ಡಿಎನ್‌ಎಯ ಎರಡೆಳೆಯನ್ನು ಬಿಡಿಸುತ್ತ ಆ ಜಾಗ ಬಿಟ್ಟು ಮುಂದೆ ಸಾಗುತ್ತದೆ. ಹಾಗಾಗಿ ಒಮ್ಮೆ ಬಳಸಿದ ಪರವಾನಗಿ ಮತ್ತೆ ಅಲ್ಲಿ ಉಳಿಯುವುದಿಲ್ಲ. ಹೊಸ ಉಂಗುರ ತೊಡಿಸೋಣ ಎಂದರೆ ಆ ಹೊತ್ತಿಗೆ ಜೆಮಿನಿನ್ ಎಂಬ ಪ್ರೋಟೀನು ಸಿಡಿಟಿ1ನ ಕೈಕಟ್ಟಿ ಹಾಕಿರುತ್ತದೆ. ವಿಭಜನೆ ಮುಗಿದು ಜೆಮಿನಿನ್ ನಾಶವಾದ ಮೇಲೆಯೇ ಮುಂದಿನ ಸುತ್ತಿನ ಪರವಾನಗಿ.

ನಕಲಾದ ಎರಡು ಪ್ರತಿಗಳು ಗಂಟೆಗಟ್ಟಲೆ ಜೊತೆಯಾಗಿಯೇ ಇರುವುದು ಹೇಗೆ?

ಇದಕ್ಕೆ ಕಾರಣ ಕೊಹೀಸಿನ್. 1997ರಲ್ಲಿ ಕಿಮ್ ನಾಸ್ಮಿತ್ ಮತ್ತು ಡಗ್ಲಸ್ ಕೋಶ್‌ಲ್ಯಾಂಡ್ ಅವರ ತಂಡಗಳು ಯೀಸ್ಟ್ ಮೇಲೆ ಬೇರೆ ಬೇರೆಯಾಗಿ ಕೆಲಸ ಮಾಡುತ್ತಿದ್ದಾಗ ಕಂಡದ್ದು. ಎಸ್‌ಎಂಸಿ1, ಎಸ್‌ಎಂಸಿ3 ಎಂಬ ಎರಡು ಉದ್ದನೆಯ ತೋಳುಗಳು ಒಂದು ಕಡೆ ಕೈಹಿಡಿದಿರುತ್ತವೆ. ಇನ್ನೊಂದು ಕಡೆಯ ತೆರವನ್ನು ಎಸ್‌ಸಿಸಿ1 ಎಂಬ ಮೂರನೆಯ ಪ್ರೋಟೀನು ಮುಚ್ಚುತ್ತದೆ. ಒಟ್ಟು ಒಂದು ಉಂಗುರ. ನಕಲಾದ ಎರಡೂ ಎಳೆಗಳು ಈ ಉಂಗುರದೊಳಗೆ ಸಿಕ್ಕಿಕೊಂಡಿರುತ್ತವೆ. ಅಂಟು ಹಾಕಿದ್ದಲ್ಲ, ಕಟ್ಟು ಹಾಕಿದ್ದು. ವ್ಯತ್ಯಾಸ ಮುಖ್ಯ: ಅಂಟು ಮೆಲ್ಲಗೆ ಬಿಡಬಹುದು, ಉಂಗುರ ಕತ್ತರಿಸಿದರೆ ಒಮ್ಮೆಲೇ ಬಿಟ್ಟುಹೋಗುತ್ತದೆ. ಮುಂದೆ ಬರುವ ಇಡೀ ಕಥೆ ನಿಂತಿರುವುದು ಈ ಒಮ್ಮೆಲೇ ಎಂಬ ಪದದ ಮೇಲೆ.

ಜೊತೆಗಿರುವುದು ಯಾಕೆ ಬೇಕು ಎಂದು ಕೇಳಿದರೆ, ಯಾವುದಕ್ಕೆ ಯಾವುದು ಜೋಡಿ ಎಂದು ಕೋಶಕ್ಕೆ ಗೊತ್ತಾಗಲು ಬೇರೆ ದಾರಿಯೇ ಇಲ್ಲ. 92 ಎಳೆಗಳನ್ನು ಹರಡಿಬಿಟ್ಟು, ಎರಡೂ ಕಡೆಗೆ ಒಂದೊಂದು ಪೂರ್ತಿ ಜತೆ ಹೋಗುವಂತೆ ಆರಿಸು ಎಂದರೆ ಯಾವ ಕೋಶಕ್ಕೂ ಸಾಧ್ಯವಿಲ್ಲ. ಹುಟ್ಟಿದ ಗಳಿಗೆಯಿಂದ ಬಿಟ್ಟಿರದ ಜೋಡಿಯಾದರೆ ಹುಡುಕುವ ಪ್ರಮೇಯವೇ ಬರುವುದಿಲ್ಲ.

ಕೊಹೀಸಿನ್, ಕಂಡೆನ್ಸಿನ್ ಎರಡೂ ಒಂದೇ ಅಲ್ಲವೇ?

ಅಣ್ಣತಮ್ಮಂದಿರು, ಆದರೆ ಕಸುಬು ಬೇರೆ. ಕಂಡೆನ್ಸಿನ್ ಕೂಡ ಉಂಗುರವೇ. ಅದನ್ನು ತತ್ಸುಯಾ ಹಿರಾನೊ ಅವರ ತಂಡ 1997ರಲ್ಲಿ, ಅದೇ ಕಪ್ಪೆ ಮೊಟ್ಟೆಯ ರಸದಿಂದ ಬೇರ್ಪಡಿಸಿತು. ಕೊಹೀಸಿನ್ ಎರಡು ಪ್ರತಿಗಳನ್ನು ಒಂದಕ್ಕೊಂದು ಕಟ್ಟಿದರೆ ಕಂಡೆನ್ಸಿನ್ ಒಂದೊಂದು ಪ್ರತಿಯನ್ನೂ ಅದರೊಳಗೇ ಮಡಚಿ ಗಿಡ್ಡ ಮಾಡುತ್ತದೆ.

ಮಡಚುವ ಬಗೆಯನ್ನು 2018ರಲ್ಲಿ ನೇರವಾಗಿ ಕಣ್ಣಾರೆ ಕಂಡರು. ಎರಡೂ ತುದಿ ಬಿಗಿದ ಒಂದು ಡಿಎನ್‌ಎ ಎಳೆ, ಅದರ ಮೇಲೆ ಯೀಸ್ಟಿನ ಒಂದೇ ಒಂದು ಕಂಡೆನ್ಸಿನ್. ನೋಡನೋಡುತ್ತಿದ್ದಂತೆ ಅದು ಎಳೆಯನ್ನು ತನ್ನೊಳಗಿನಿಂದ ಎಳೆದುಕೊಂಡು ಕುಣಿಕೆ ಮಾಡುತ್ತ ಹೋಯಿತು. ವೇಗ ಸೆಕೆಂಡಿಗೆ 1,500 ಬೇಸ್ ಜೋಡಿಗಳವರೆಗೆ. ಅಲ್ಲಿಯವರೆಗೆ ಕಂಡೆನ್ಸಿನ್ ಬರೀ ಕ್ಲಿಪ್ಪಿನಂತೆ ಹಿಡಿದಿಡುತ್ತದೆ ಎಂದು ವಾದಿಸುವವರು ಇದ್ದರು. ಆ ದೃಶ್ಯದ ಮುಂದೆ ಆ ವಾದಕ್ಕೆ ಹೆಚ್ಚು ಬಲ ಉಳಿಯಲಿಲ್ಲ. ಮರುವರ್ಷ ಕೊಹೀಸಿನ್ ಕೂಡ ಇದೇ ರೀತಿ ಕುಣಿಕೆ ಎಳೆಯಬಲ್ಲದು ಎಂದು ತಿಳಿಯಿತು. ವಿಭಜನೆ ಇಲ್ಲದ ಹೊತ್ತಿನಲ್ಲಿ ಜೀನುಗಳನ್ನು ಹತ್ತಿರ ತರಲು, ದೂರ ಇಡಲು ಕೊಹೀಸಿನ್ ಇದೇ ವಿದ್ಯೆಯನ್ನು ಬಳಸುತ್ತದೆ.

ಮನುಷ್ಯನ ಅತಿ ದೊಡ್ಡದಾದ 1ನೇ ವರ್ಣತಂತುವಿನ ಡಿಎನ್‌ಎ ಬಿಡಿಸಿದರೆ 8 ಸೆಂಟಿಮೀಟರಿಗೂ ಹೆಚ್ಚು. ಮೆಟಾಫೇಸಿನಲ್ಲಿ ಅದೇ ವರ್ಣತಂತು ಒಂದು ಮಿಲಿಮೀಟರಿನ ಸುಮಾರು ನೂರನೇ ಒಂದು ಪಾಲು. ಹೀಗೆ ಗಿಡ್ಡವಾಗದಿದ್ದರೆ ಎರಡು ಕಡೆಗೆ ಎಳೆದಾಗ ಬಾಲ ನಡುವೆಯೇ ಉಳಿದು, ಕೋಶ ಎರಡಾಗುವಾಗ ತುಂಡಾಗುತ್ತದೆ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಅದನ್ನು ಬಿಡಿಸುವವನು ಮತ್ತೊಬ್ಬ, ಟೊಪೊಐಸೊಮೆರೇಸ್ 2. ಒಂದು ಡಿಎನ್‌ಎಯನ್ನು ಕತ್ತರಿಸಿ, ಇನ್ನೊಂದನ್ನು ಆ ಸಂದಿನಲ್ಲಿ ದಾಟಿಸಿ, ಕತ್ತರಿಸಿದ್ದನ್ನು ಮತ್ತೆ ಬೆಸೆಯುವ ಪ್ರೋಟೀನು ಅದು. ಧೈರ್ಯದ ಕೆಲಸ.

ಚಿತ್ರಗಳಲ್ಲಿ ವರ್ಣತಂತು ಎಕ್ಸ್ ಅಕ್ಷರದಂತೆ ಇರುವುದು ಯಾಕೆ?

ವರ್ಣತಂತುವಿನ ತೋಳುಗಳ ಕಟ್ಟು ಮೊದಲೇ ಬಿಚ್ಚಿ, ನಡುವಿನ ಕಟ್ಟು ಮಾತ್ರ ಉಳಿದಿರುವುದರಿಂದ. ವಿಭಜನೆ ಶುರುವಾಗುತ್ತಲೇ ವಾಪ್ಲ್ ಎಂಬ ಪ್ರೋಟೀನು ತೋಳುಗಳ ಮೇಲಿನ ಕೊಹೀಸಿನ್ ಉಂಗುರಗಳನ್ನು ಮುರಿಯದೆ, ಬಾಗಿಲು ತೆರೆದಂತೆ ತೆರೆದು ಕಳಚುತ್ತದೆ. ನಡುವಿನ ಸೆಂಟ್ರೊಮಿಯರ್ ಎಂಬ ಜಾಗದ ಹತ್ತಿರ ಮಾತ್ರ ಶುಗೋಶಿನ್ ಎಂಬ ಕಾವಲುಗಾರ ಇರುವುದರಿಂದ ಅಲ್ಲಿ ಈ ಆಟ ನಡೆಯುವುದಿಲ್ಲ. ಅಂದ ಹಾಗೆ ಬಾಳಿನ ಹೆಚ್ಚಿನ ಕಾಲ ವರ್ಣತಂತುವಿಗೆ ಈ ಆಕಾರವೇ ಇರುವುದಿಲ್ಲ. ಸಡಿಲವಾಗಿ ಹರಡಿಕೊಂಡಿರುತ್ತದೆ. ಎಕ್ಸ್ ಆಕಾರವನ್ನೇ ಲಾಂಛನ ಮಾಡಿಕೊಂಡದ್ದು ನಮ್ಮ ಅನುಕೂಲಕ್ಕೆ.

ಕದಿರಿನ ಎಳೆಗಳು ವರ್ಣತಂತುವನ್ನು ಯಾವ ಜಾಗದಲ್ಲಿ ಹಿಡಿಯಬೇಕು ಎಂದು ಯಾರು ಗುರುತು ಹಾಕುತ್ತಾರೆ?

ಒಂದು ವಿಶೇಷ ಹಿಸ್ಟೋನ್. ಸೆಂಟ್ರೊಮಿಯರಿನಲ್ಲಿ ಮಾಮೂಲಿ ಎಚ್3 ಹಿಸ್ಟೋನಿನ ಬದಲು ಹಲವು ನ್ಯೂಕ್ಲಿಯೋಸೋಮುಗಳಲ್ಲಿ ಸೆನ್ಪ್-ಎ ಎಂಬ ಅದರ ರೂಪಾಂತರ ಇರುತ್ತದೆ. ಇದು ಸಿಕ್ಕಿದ್ದು ಒಂದು ರೋಗದ ದಾರಿಯಲ್ಲಿ. ಸ್ಕ್ಲೆರೋಡರ್ಮ ಎಂಬ ಚರ್ಮ ಗಟ್ಟಿಯಾಗುವ ಕಾಯಿಲೆಯವರಲ್ಲಿ ಕೆಲವರ ರಕ್ತದಲ್ಲಿ ತಮ್ಮದೇ ಸೆಂಟ್ರೊಮಿಯರನ್ನು ಗುರಿಮಾಡುವ ಪ್ರತಿಕಾಯಗಳು ಇರುತ್ತವೆ. ಆ ರಕ್ತದ್ರವವನ್ನೇ ಬಳಸಿ 1985ರಲ್ಲಿ ಸೆನ್ಪ್-ಎ, ಬಿ, ಸಿ ಎಂಬ ಮೂರು ಪ್ರೋಟೀನುಗಳನ್ನು ಗುರುತಿಸಿದರು. ರೋಗಿಯ ದೇಹ ತಪ್ಪಾಗಿ ತಯಾರಿಸಿದ್ದು ವಿಜ್ಞಾನಕ್ಕೆ ಬೇಕಾದ ಸಲಕರಣೆಯಾಯಿತು.

ಸೆನ್ಪ್-ಎ ಮೇಲೆ ಹಂತ ಹಂತವಾಗಿ ಹತ್ತಾರು ಬಗೆಯ ಪ್ರೋಟೀನುಗಳು ಕಟ್ಟಿಕೊಂಡು ಕೈನೆಟೊಕೋರ್ ಎಂಬ ಹಿಡಿ ಸಿದ್ಧವಾಗುತ್ತದೆ. ಕದಿರಿನ ಸೂಕ್ಷ್ಮನಳಿಕೆಗಳು ಬಂದು ಹಿಡಿಯುವುದು ಈ ಹಿಡಿಯನ್ನು. ಯೀಸ್ಟಿನಲ್ಲಿ ಒಂದು ಹಿಡಿಗೆ ಒಂದೇ ನಳಿಕೆ, ಮನುಷ್ಯನಲ್ಲಿ ಇಪ್ಪತ್ತರ ಆಸುಪಾಸು.

ಇಲ್ಲಿ ಸೋಜಿಗದ ಸಂಗತಿ ಎಂದರೆ, ಮನುಷ್ಯನಲ್ಲಿ ಸೆಂಟ್ರೊಮಿಯರಿನ ಜಾಗ ನಿರ್ಧಾರವಾಗುವುದು ಮುಖ್ಯವಾಗಿ ಡಿಎನ್‌ಎಯ ಅಕ್ಷರಗಳಿಂದಲ್ಲ, ಈ ಪ್ರೋಟೀನಿನಿಂದ. ಅಪರೂಪಕ್ಕೆ ಎಂದೂ ಇಲ್ಲದ ಕಡೆ ಹೊಸ ಸೆಂಟ್ರೊಮಿಯರ್ ಹುಟ್ಟಿಕೊಂಡ ಜನರಿದ್ದಾರೆ. ಅಲ್ಲಿ ಡಿಎನ್‌ಎ ಬದಲಾಗಿರುವುದಿಲ್ಲ, ಸೆನ್ಪ್-ಎ ಬಂದು ಕೂತಿರುತ್ತದೆ ಅಷ್ಟೇ. ಒಮ್ಮೆ ಕೂತರೆ ಪ್ರತಿ ವಿಭಜನೆಯಲ್ಲೂ ಅದೇ ಜಾಗ ಮರಿಕೋಶಗಳಿಗೆ ದಾಟುತ್ತದೆ. ಅಕ್ಷರದಲ್ಲಿ ಬರೆಯದ ಆಸ್ತಿ.

ಎರಡೂ ಪ್ರತಿಗಳನ್ನು ಒಂದೇ ಕಡೆಯ ಎಳೆಗಳು ಹಿಡಿದುಬಿಟ್ಟರೆ?

ಆಗಾಗ ಹಾಗೆ ಆಗುತ್ತದೆ. ನಳಿಕೆಗಳು ಕುರುಡಾಗಿ ತಡಕಾಡಿ ಹಿಡಿಯುವುದರಿಂದ ಮೊದಲ ಹಿಡಿತ ಸರಿಯೇ ಆಗಬೇಕೆಂದಿಲ್ಲ. ಕೋಶ ತಪ್ಪೇ ಆಗದಂತೆ ನೋಡಿಕೊಳ್ಳುವುದಿಲ್ಲ, ತಪ್ಪಿನ ಹಿಡಿತ ನಿಲ್ಲದಂತೆ ನೋಡಿಕೊಳ್ಳುತ್ತದೆ.

ಸರಿಯಾದ ಹಿಡಿತವೆಂದರೆ ಒಂದು ಪ್ರತಿಯನ್ನು ಎಡಗಡೆಯವರು, ಇನ್ನೊಂದನ್ನು ಬಲಗಡೆಯವರು ಹಿಡಿದು ಜಗ್ಗುವುದು. ನಡುವೆ ಕೊಹೀಸಿನ್ ಬಿಡದೆ ಹಿಡಿದಿರುವುದರಿಂದ ಹಗ್ಗ ಬಿಗಿಯಾಗುತ್ತದೆ. ಇಬ್ಬರೂ ಒಂದೇ ಕಡೆ ಇದ್ದರೆ ಬಿಗಿತವಿಲ್ಲ. ಈ ಬಿಗಿತವನ್ನು ಅಳೆದು ನೋಡುವ ಕೆಲಸದಲ್ಲಿ ಅರೋರ ಬಿ ಎಂಬ ಕಿಣ್ವದ ಪಾತ್ರ ದೊಡ್ಡದು. ಸರ್ವೈವಿನ್, ಬೊರಿಯಾಲಿನ್, ಇನ್ಸೆನ್ಪ್ ಎಂಬ ಮೂವರು ಜೊತೆಗಾರರೊಂದಿಗೆ ಅದು ಎರಡು ಹಿಡಿಗಳ ನಡುವೆ, ಸೆಂಟ್ರೊಮಿಯರಿನ ಒಳಗಡೆ ಕೂತಿರುತ್ತದೆ. ಹಿಡಿ ಸಡಿಲವಾಗಿದ್ದು ಕೈಗೆಟಕುವಷ್ಟು ಹತ್ತಿರವಿದ್ದರೆ ಅದಕ್ಕೆ ಫಾಸ್ಫೇಟ್ ಅಂಟಿಸಿ ನಳಿಕೆಯ ಹಿಡಿತ ಬಿಡಿಸುತ್ತದೆ. ಬಿಗಿಯಾಗಿ ಆಚೆ ಈಚೆ ಜಗ್ಗಲ್ಪಟ್ಟ ಹಿಡಿ ಅದರ ಕೈಗೆ ಸಿಗುವುದಿಲ್ಲ, ಉಳಿದುಕೊಳ್ಳುತ್ತದೆ. ಬಿಗಿತ ಅಳೆಯುವ ಬಗೆ ಇದೊಂದೇ ಅಲ್ಲ, ಆದರೆ ತಿಳಿಯಲು ಸುಲಭವಾದದ್ದು ಇದು.

ಬಿಗಿತವೇ ಮುಖ್ಯ ಎಂದು ತೋರಿಸಿದವರು ಬ್ರೂಸ್ ನಿಕ್ಲಾಸ್. ಮಿಡತೆಯ ವೃಷಣದ ಕೋಶಗಳೊಳಗೆ ಅತಿ ಸಪೂರ ಗಾಜಿನ ಸೂಜಿ ಇಳಿಸಿ, ತಪ್ಪಾಗಿ ಹಿಡಿದಿದ್ದ ವರ್ಣತಂತುವನ್ನು ಮೆಲ್ಲಗೆ ಎಳೆದು ಹಿಡಿದರು. ಎಳೆದಷ್ಟು ಹೊತ್ತು ತಪ್ಪು ಹಿಡಿತವೂ ನಿಂತಿತು, ಬಿಟ್ಟರೆ ಕಳಚಿಕೊಂಡಿತು. 1960ರ ದಶಕದ ಕೊನೆಯಲ್ಲಿ, ಅರೋರ ಬಿ ಎಂಬ ಹೆಸರೇ ಹುಟ್ಟುವ ಮೊದಲು, ಬರಿಗೈಯ ಹದದಲ್ಲಿ ಮಾಡಿದ ಪ್ರಯೋಗ ಅದು.

ಎಲ್ಲ ವರ್ಣತಂತುಗಳೂ ಸಿದ್ಧವಾದವು ಎಂದು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

ಸಿದ್ಧವಾದದ್ದು ಏನನ್ನೂ ಹೇಳುವುದಿಲ್ಲ. ಸಿದ್ಧವಾಗದ್ದು ಕೂಗುತ್ತದೆ. ನಳಿಕೆ ಹಿಡಿಯದ ಪ್ರತಿಯೊಂದು ಕೈನೆಟೊಕೋರೂ ತನ್ನ ಮೇಲೆ ಮ್ಯಾಡ್1, ಮ್ಯಾಡ್2, ಬಬ್1 ಮುಂತಾದ ಪ್ರೋಟೀನುಗಳನ್ನು ಕೂರಿಸಿಕೊಳ್ಳುತ್ತದೆ. ಅಲ್ಲಿ ಮ್ಯಾಡ್2ರ ಆಕಾರ ಬದಲಾಗಿ, ಅದು ಸಿಡಿಸಿ20 ಎಂಬ ಪ್ರೋಟೀನನ್ನು ಹಿಡಿದು ಹಾಕುವ ಕೂಟವಾಗಿ ಕೋಶದೊಳಗೆ ಹರಡುತ್ತದೆ. ಸಿಡಿಸಿ20 ಇಲ್ಲದೆ ಮುಂದಿನ ಹಂತದ ಯಂತ್ರ ತಿರುಗುವುದಿಲ್ಲ. ಒಂದೊಂದೇ ಹಿಡಿ ಭರ್ತಿಯಾದಂತೆ ಕೂಗು ನಿಲ್ಲುತ್ತ ಬಂದು, ಕೊನೆಯದೂ ಸುಮ್ಮನಾದಾಗ ದಾರಿ ತೆರೆಯುತ್ತದೆ.

ಈ ತಪಾಸಣೆಯ ಜೀನುಗಳು ಯೀಸ್ಟಿನಲ್ಲಿ ಸಿಕ್ಕಿದ್ದು 1991ರಲ್ಲಿ. ಒಂದೇ ಒಂದು ಹಿಡಿ ಖಾಲಿ ಇದ್ದರೂ ಇಡೀ ಕೋಶ ಕಾಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1995ರಲ್ಲಿ. ಪೊಟರೂ ಎಂಬ ಹೊಟ್ಟೆಚೀಲದ ಪುಟ್ಟ ಪ್ರಾಣಿಯ ಕೋಶಗಳಲ್ಲಿ ವರ್ಣತಂತುಗಳು ಕಡಿಮೆ, ದೊಡ್ಡವು, ನೋಡಲು ಸಲೀಸು. ಕೊನೆಯದಾಗಿ ಉಳಿದ ಖಾಲಿ ಹಿಡಿಯನ್ನು ಕಾನ್ಲಿ ರೀಡರ್ ಅವರ ತಂಡ ಲೇಸರಿನಿಂದ ಸುಟ್ಟುಹಾಕಿತು. ಆ ವರ್ಣತಂತುವನ್ನು ಕದಿರು ಸರಿಯಾಗಿ ಹಿಡಿದಿರಲಿಲ್ಲ. ಆದರೂ ಕೋಶ ಕಾಯುವುದನ್ನು ಬಿಟ್ಟು ಮುಂದೆ ಹೋಯಿತು! ಕೂಗುವವನ ಬಾಯಿ ಮುಚ್ಚಿಸಿದರೆ ತೊಂದರೆ ಇಲ್ಲವೆಂದೇ ಕೋಶ ತಿಳಿಯುತ್ತದೆ ಎಂದಾಯಿತು. ಇಷ್ಟು ಜಾಣ ವ್ಯವಸ್ಥೆಯ ದೌರ್ಬಲ್ಯವೂ ಇಲ್ಲೇ ಇದೆ.

ಕಟ್ಟು ಬಿಚ್ಚುವ ಕ್ಷಣದಲ್ಲಿ ಏನಾಗುತ್ತದೆ?

ಸಿಡಿಸಿ20 ಬಿಡುಗಡೆಯಾಗಿ ಎಪಿಸಿ ಎಂಬ ದೊಡ್ಡ ಕೂಟವನ್ನು ಚಾಲೂ ಮಾಡುತ್ತದೆ. ಅದು ಸೆಕ್ಯೂರಿನ್ ಎಂಬ ಪ್ರೋಟೀನಿಗೆ ನಾಶದ ಚೀಟಿ ಅಂಟಿಸುತ್ತದೆ. ಸೆಕ್ಯೂರಿನ್ ಇಷ್ಟು ಹೊತ್ತು ಸೆಪರೇಸ್ ಎಂಬ ಕತ್ತರಿಯ ಬಾಯಿ ಮುಚ್ಚಿ ಹಿಡಿದಿತ್ತು. ಈಗ ಕತ್ತರಿ ತೆರೆದು ಕೊಹೀಸಿನ್ ಉಂಗುರದ ಎಸ್‌ಸಿಸಿ1 ಭಾಗವನ್ನು ತುಂಡರಿಸುತ್ತದೆ. ಬಿಗಿದ ಹಗ್ಗ ತುಂಡಾದಂತೆ ಎರಡು ಪ್ರತಿಗಳೂ ತಮ್ಮ ತಮ್ಮ ಕಡೆಗೆ ಸರಿಯುತ್ತವೆ. ಜೊತೆಯಲ್ಲೇ ವಿಭಜನೆಯ ಹೊತ್ತು ಸಾರುವ ಸೈಕ್ಲಿನ್ ಬಿ ಎಂಬ ಪ್ರೋಟೀನು ಕೂಡ ನಾಶವಾಗುವುದರಿಂದ ಕೋಶ ಹಿಂದಕ್ಕೆ ಹೋಗುವ ದಾರಿಯೂ ಮುಚ್ಚಿತು. ಕತ್ತರಿಸಿದ ಪ್ರೋಟೀನನ್ನು ಮತ್ತೆ ಬೆಸೆಯುವ ಯಾವ ಏರ್ಪಾಡೂ ಕೋಶದಲ್ಲಿಲ್ಲ. ಅಷ್ಟು ಕಾದದ್ದು ಇದಕ್ಕೇ.

ಈ ಪ್ರೋಟೀನುಗಳಿಗೆ ಹೊತ್ತು ತಿಳಿಸುವವರು ಯಾರು?

ಸೈಕ್ಲಿನ್ ಮತ್ತು ಸಿಡಿಕೆ ಎಂಬ ಜೋಡಿ. ಇವುಗಳ ಶೋಧಕ್ಕಾಗಿ ಹಾರ್ಟ್‌ವೆಲ್, ಹಂಟ್, ನರ್ಸ್ ಮೂವರಿಗೆ 2001ರ ನೊಬೆಲ್ ಬಂತು. ಸಿಡಿಕೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ನಡವಳಿಕೆ ಬದಲಿಸುತ್ತದೆ. ಫಾಸ್ಫೇಟ್ ಅಂಟಿದಾಗ ಕಂಡೆನ್ಸಿನ್ ಚುರುಕಾಗುತ್ತದೆ, ಕೋಶಕೇಂದ್ರದ ಪೊರೆ ಕಳಚುತ್ತದೆ. ಆದರೆ ಸಿಡಿಕೆ ಹೇಳುವುದು ಹೊತ್ತನ್ನು ಮಾತ್ರ. ಯಾವ ಜಾಗದಲ್ಲಿ ಎಂಬುದನ್ನು ವರ್ಣತಂತುವೇ ಹೇಳಬೇಕು. ಉದಾಹರಣೆಗೆ, ಹ್ಯಾಸ್ಪಿನ್ ಎಂಬ ಕಿಣ್ವ ಹಿಸ್ಟೋನ್ ಎಚ್3ರ ಬಾಲದ ಮೂರನೆಯ ಅಮೈನೋ ಆಮ್ಲದ ಮೇಲೆ ಗುರುತು ಹಾಕುತ್ತದೆ, ಸರ್ವೈವಿನ್ ಆ ಗುರುತು ಹಿಡಿದು ಅರೋರ ಬಿಯನ್ನು ಕರೆತರುತ್ತದೆ. ಬಬ್1 ಇನ್ನೊಂದು ಹಿಸ್ಟೋನಿನ ಮೇಲೆ ಹಾಕುವ ಗುರುತಿಗೆ ಶುಗೋಶಿನ್ ಬರುತ್ತದೆ. ಸುತ್ತಿಡುವ ಗುಂಡಿಯೇ ಸೂಚನಾಫಲಕವೂ ಹೌದು.

ಪೆಥಾಲಜಿ ವರದಿಯಲ್ಲಿ ಕೆಐ-67 ಎಂದು ಶೇಕಡಾವಾರು ಬರೆದಿರುತ್ತಾರೆ. ಅದೂ ಇದೇ ಗುಂಪಿನದೇ?

ಹೌದು. ವಿಭಜನೆಯ ಚಕ್ರದಲ್ಲಿರುವ ಕೋಶಗಳಲ್ಲಿ ಕೆಐ-67 ಇರುತ್ತದೆ, ವಿಶ್ರಾಂತಿಯಲ್ಲಿರುವವುಗಳಲ್ಲಿ ಇರುವುದಿಲ್ಲ. ಹಾಗಾಗಿ ಗಡ್ಡೆಯ ಚೂರಿಗೆ ಬಣ್ಣ ಹಾಕಿ, ನೂರರಲ್ಲಿ ಎಷ್ಟು ಕೋಶಗಳಿಗೆ ಅದು ಹತ್ತಿತು ಎಂದು ಎಣಿಸಿದರೆ ಗಡ್ಡೆ ಎಷ್ಟು ಚುರುಕಾಗಿ ಬೆಳೆಯುತ್ತಿದೆ ಎಂಬ ಅಂದಾಜು ಸಿಗುತ್ತದೆ. ಆ ಸಂಖ್ಯೆ ಒಂದನ್ನೇ ಹಿಡಿದುಕೊಂಡು ಗಾಬರಿಯಾಗಬೇಡಿ. ಗಡ್ಡೆಯ ಬಗೆ, ಹಂತ ಎಲ್ಲವನ್ನೂ ಸೇರಿಸಿ ಓದಬೇಕಾದ್ದು ಅದು, ಓದಬೇಕಾದವರು ನಿಮ್ಮ ಡಾಕ್ಟರು.

ದಶಕಗಳ ಕಾಲ ಇದನ್ನು ಎಣಿಕೆಗೆ ಬಳಸಿದರೇ ಹೊರತು ಅದರ ಕೆಲಸವೇನೆಂದು ಸರಿಯಾಗಿ ಗೊತ್ತಿರಲಿಲ್ಲ. 2016ರಲ್ಲಿ ಒಂದು ಉತ್ತರ ಸಿಕ್ಕಿತು: ವಿಭಜನೆಯ ಹೊತ್ತಿನಲ್ಲಿ ಅದು ವರ್ಣತಂತುಗಳ ಹೊರಮೈಗೆ ಹತ್ತಿ, ಕುಂಚದ ಕೂದಲಂತೆ ಹೊರಚಾಚಿ, ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಸೋಪು ಜಿಡ್ಡಿನ ಹನಿಗಳನ್ನು ಬೇರೆ ಬೇರೆಯಾಗಿಡುವ ರೀತಿ. ಆದರೆ ಅದೇ ವರ್ಷ, ಕೆಐ-67 ಇಲ್ಲದ ಇಲಿಗಳೂ ಬದುಕಿ ಬೆಳೆಯುತ್ತವೆ ಎಂದೂ ಗೊತ್ತಾಯಿತು. ಗುರುತಾಗಿ ಉಪಯುಕ್ತವಾದದ್ದೆಲ್ಲ ಬದುಕಿಗೆ ಅನಿವಾರ್ಯವಾಗಿರಬೇಕಿಲ್ಲ.

ಬೇರ್ಪಟ್ಟ ಮೇಲೆ 46 ವರ್ಣತಂತುಗಳೂ ಒಂದೇ ಕೋಶಕೇಂದ್ರದೊಳಗೆ ಸೇರುವುದು ಹೇಗೆ?

ಬಿಎಎಫ್ ಎಂಬ ಪುಟ್ಟ ಪ್ರೋಟೀನು ಪಕ್ಕಪಕ್ಕದ ವರ್ಣತಂತುಗಳನ್ನು ಅಡ್ಡ ಹೊಲಿಗೆ ಹಾಕಿದಂತೆ ಸೇರಿಸಿ, ಗುಂಪಿನ ಹೊರಮೈಯನ್ನು ಗಟ್ಟಿ ಮಾಡುತ್ತದೆ. ಹೊಸ ಪೊರೆ ಆ ಹೊರಮೈಯ ಮೇಲೆ ಮಾತ್ರ ಹರಡಿಕೊಳ್ಳುತ್ತದೆ. ಬಿಎಎಫ್ ಇಲ್ಲದಿದ್ದರೆ ಪೊರೆ ಸಂದುಗೊಂದಿಗೆಲ್ಲ ನುಗ್ಗಿ ಒಂದರ ಬದಲು ಹಲವು ಚಿಲ್ಲರೆ ಕೋಶಕೇಂದ್ರಗಳಾಗುತ್ತವೆ.

ತಾಯಿಯ ವಯಸ್ಸು ಹೆಚ್ಚಾದಂತೆ ಡೌನ್ ಸಿಂಡ್ರೋಮ್ ಸಾಧ್ಯತೆ ಹೆಚ್ಚಾಗುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ, ಮತ್ತು ಅದು ಕೊಹೀಸಿನ್‌ನ ವಯಸ್ಸಿನ ಕಥೆ. ಹೆಣ್ಣಿನ ಅಂಡಕೋಶಗಳು ಆಕೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ವಿಭಜನೆಯನ್ನು ಶುರುಮಾಡಿ ನಡುವೆ ನಿಂತುಬಿಡುತ್ತವೆ. ಮುಂದಿನ ಹೆಜ್ಜೆ ಇಡುವುದು ಹತ್ತಾರು ವರ್ಷಗಳ ನಂತರ, ಆ ಅಂಡ ಬಿಡುಗಡೆಯಾಗುವ ತಿಂಗಳಲ್ಲಿ. ಅಷ್ಟೂ ಕಾಲ ವರ್ಣತಂತುಗಳನ್ನು ಜೊತೆ ಹಿಡಿದಿರುವುದು ಹುಟ್ಟುವ ಮೊದಲೇ ತೊಡಿಸಿದ ಕೊಹೀಸಿನ್ ಉಂಗುರಗಳು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ, ಅಂಡ ಬೆಳೆಯುವ ಕಾಲದಲ್ಲಿ ಹೊಸ ಉಂಗುರಗಳು ಹಳೆಯವಕ್ಕೆ ಬದಲಿಯಾಗಿ ಬರುವುದಿಲ್ಲವೆಂದೂ, ವಯಸ್ಸಾದ ಇಲಿಯ ಅಂಡಗಳಲ್ಲಿ ಉಂಗುರಗಳು ಬಹಳ ಕಡಿಮೆಯಾಗಿರುತ್ತವೆಂದೂ ಕಂಡಿತು. ಕಟ್ಟು ಸಡಿಲವಾದ ಜೋಡಿ ಹೊತ್ತಿಗೆ ಮೊದಲೇ ಬಿಟ್ಟುಹೋದರೆ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು.

ಡೌನ್ ಸಿಂಡ್ರೋಮಿನಲ್ಲಿ 21ನೇ ವರ್ಣತಂತುವಿನ ಪ್ರತಿಗಳು ಮೂರು. ಇದು ಗೊತ್ತಾದದ್ದು 1959ರಲ್ಲಿ. ಹೆಚ್ಚುವರಿ ಪ್ರತಿ ಹತ್ತರಲ್ಲಿ ಸುಮಾರು ಒಂಬತ್ತು ಸಲ ಅಂಡದಿಂದ ಬಂದಿರುತ್ತದೆ. ತಾಯಿಯ ವಯಸ್ಸು 25 ಇದ್ದಾಗ ಸಾಧ್ಯತೆ ಸುಮಾರು 1,250ರಲ್ಲಿ ಒಂದು, 40ರಲ್ಲಿ ಸುಮಾರು ನೂರರಲ್ಲಿ ಒಂದು. ಇದರಲ್ಲಿ ತಾಯಿ ಮಾಡಿದ್ದು, ಬಿಟ್ಟದ್ದು, ತಿಂದದ್ದು ಯಾವುದರ ತಪ್ಪೂ ಇಲ್ಲ. ಈ ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಮನೆಗಳಲ್ಲಿ ತಪ್ಪು ಹೊರಿಸುವುದು ಇನ್ನೂ ನಿಂತಿಲ್ಲ.

ಕ್ಯಾನ್ಸರಿನಲ್ಲಿ ಇವು ಕೆಟ್ಟಿರುತ್ತವೆಯೇ?

ಗಟ್ಟಿ ಗಡ್ಡೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ವರ್ಣತಂತುಗಳ ಎಣಿಕೆ ತಪ್ಪಿರುತ್ತದೆ. ಎಣಿಕೆ ತಪ್ಪುವುದಕ್ಕೂ ಕ್ಯಾನ್ಸರಿಗೂ ನಂಟಿದೆ ಎಂದು 1914ರಷ್ಟು ಹಿಂದೆಯೇ ಥಿಯೋಡೋರ್ ಬೊವೇರಿ ಊಹಿಸಿದ್ದ. ಆದರೆ ತಪಾಸಣೆಯ ಮ್ಯಾಡ್, ಬಬ್ ಜೀನುಗಳು ಪೂರ್ತಿ ಕೆಟ್ಟಿರುವುದು ಕ್ಯಾನ್ಸರಿನಲ್ಲೂ ವಿರಳ. ಪೂರ್ತಿ ಕೆಟ್ಟರೆ ಆ ಕೋಶವೂ ಉಳಿಯುವುದಿಲ್ಲ. ಅರೆಬರೆ ಕೆಲಸ ಮಾಡುವ ಕಾವಲೇ ಗಡ್ಡೆಗೆ ಅನುಕೂಲ. ಕೊಹೀಸಿನ್‌ನ ಎಸ್‌ಟಿಎಜಿ2 ಎಂಬ ಭಾಗ ಮಾತ್ರ ಮೂತ್ರಕೋಶದ ಕ್ಯಾನ್ಸರ್ ಸೇರಿ ಹಲವು ಕಡೆ ಕೆಟ್ಟಿರುವುದು ಕಂಡುಬಂದಿದೆ.

ಔಷಧಗಳು ಈ ಪ್ರೋಟೀನುಗಳನ್ನು ಗುರಿ ಮಾಡುತ್ತವೆಯೇ?

ಮಾಡುತ್ತವೆ, ಕೆಲವು ನೇರವಾಗಿ, ಕೆಲವು ಬಳಸುದಾರಿಯಲ್ಲಿ. ಕಾಶಿಕಣಗಿಲೆ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್, ಯೂ ಮರದ ತೊಗಟೆಯಿಂದ ಬಂದ ಪ್ಯಾಕ್ಲಿಟ್ಯಾಕ್ಸೆಲ್ ಎರಡೂ ಕದಿರಿನ ನಳಿಕೆಗಳನ್ನು ಕೆಡಿಸುತ್ತವೆ. ಹಿಡಿಗಳು ಸರಿಯಾಗಿ ಭರ್ತಿಯಾಗದೆ ಮ್ಯಾಡ್2ರ ಕೂಗು ನಿಲ್ಲದೆ, ಕೋಶ ಕಾದು ಕಾದು ಸಾಯುತ್ತದೆ, ಇಲ್ಲವೇ ಕೆಟ್ಟ ಹಂಚಿಕೆಯೊಂದಿಗೆ ಹೊರಬಂದು ಆಮೇಲೆ ಸಾಯುತ್ತದೆ. ಕೂದಲ ಬುಡದ ಕೋಶಗಳೂ ಬೇಗ ಬೇಗ ವಿಭಜನೆಯಾಗುವಂಥವು, ಹಾಗಾಗಿ ಕೂದಲು ಉದುರುತ್ತದೆ. ನೇರ ಗುರಿಗೆ ಉದಾಹರಣೆ ಡಾಕ್ಸೊರುಬಿಸಿನ್ ಮತ್ತು ಎಟೊಪೊಸೈಡ್. ಮೇಲೆ ಹೇಳಿದ ಟೊಪೊಐಸೊಮೆರೇಸ್ 2 ಡಿಎನ್‌ಎಯನ್ನು ಕತ್ತರಿಸಿದ ಮೇಲೆ ಬೆಸೆಯಲು ಇವು ಬಿಡುವುದಿಲ್ಲ. ಅರೋರ ಕಿಣ್ವಗಳನ್ನು ತಡೆಯುವ ಔಷಧಗಳನ್ನೂ ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ.

ಹೆಸರುಗಳೆಲ್ಲ ಯಾಕೆ ಇಷ್ಟು ವಿಚಿತ್ರ?

ಕಂಡುಹಿಡಿದವರು ಇಟ್ಟದ್ದೇ ಹೆಸರು. ಶುಗೋಶಿನ್ ಎಂದರೆ ಜಪಾನಿ ಭಾಷೆಯಲ್ಲಿ ಕಾಯುವ ದೇವರು. 2004ರಲ್ಲಿ ಜಪಾನಿನ ತಂಡ ಇಟ್ಟ ಹೆಸರು, ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲೇ ಚಂದದ್ದು. ಕೆಐ ಎಂದರೆ ಜರ್ಮನಿಯ ಕೀಲ್ ಊರು, 67 ಎಂದರೆ ಪ್ರಯೋಗದ ತಟ್ಟೆಯಲ್ಲಿ ಆ ಪ್ರತಿಕಾಯ ಸಿಕ್ಕಿದ ಕುಳಿಯ ಸಂಖ್ಯೆ. ಮ್ಯಾಡ್, ಬಬ್ ಎಂಬವು ಯೀಸ್ಟಿನ ನಡವಳಿಕೆಯನ್ನು ವಿವರಿಸುವ ಉದ್ದನೆಯ ಇಂಗ್ಲಿಷ್ ಪದಗುಚ್ಛಗಳ ಮೊದಲಕ್ಷರಗಳು. ಪರೀಕ್ಷೆಗೆ ಓದುತ್ತಿರುವವರು ಕೊಹೀಸಿನ್, ಕಂಡೆನ್ಸಿನ್, ಕೈನೆಟೊಕೋರ್, ಸೆಪರೇಸ್ ಈ ನಾಲ್ಕನ್ನು ಗಟ್ಟಿ ಮಾಡಿಕೊಂಡರೆ ಉಳಿದವು ಅವುಗಳ ಬೆನ್ನಿಗೆ ಬರುತ್ತವೆ.

ಕೋಶಕೇಂದ್ರವೇ ಇಲ್ಲದ ಬ್ಯಾಕ್ಟೀರಿಯಾದಲ್ಲೂ ಇದೆಲ್ಲ ಇದೆಯೇ?

ಹಿಸ್ಟೋನ್ ಮಣಿಸರವಾಗಲಿ ಕದಿರಾಗಲಿ ಇಲ್ಲ, ಆದರೆ ತತ್ವ ಇದೆ. ಪಾರ್‌ಬಿ ಎಂಬ ಪ್ರೋಟೀನು ಹಲವು ಬ್ಯಾಕ್ಟೀರಿಯಾಗಳ ವರ್ಣತಂತುವಿನ ಒಂದು ನಿಗದಿತ ಜಾಗ ಹಿಡಿದು ಎರಡು ಪ್ರತಿಗಳನ್ನು ದೂರ ಸರಿಸಲು ನೆರವಾಗುತ್ತದೆ. ಕೊಹೀಸಿನ್, ಕಂಡೆನ್ಸಿನ್‌ಗಳ ಹಳೆಯ ನೆಂಟನೊಬ್ಬ ಅಲ್ಲೂ ಕುಣಿಕೆ ಎಳೆಯುತ್ತಾನೆ. ಇನ್ನೂ ಸ್ವಾರಸ್ಯದ್ದು ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಎಸ್‌ಎಲ್‌ಎಂಎ ಮತ್ತು ಬ್ಯಾಸಿಲಸ್‌ನ ನಾಕ್. ಇವೆರಡೂ ಡಿಎನ್‌ಎ ಮೇಲೆ ಕೂತಿದ್ದು, ಆ ಜಾಗದಲ್ಲಿ ಕೋಶವನ್ನು ಎರಡಾಗಿಸುವ ನಡುಗೋಡೆ ಏಳದಂತೆ ತಡೆಯುತ್ತವೆ. ಡಿಎನ್‌ಎ ಸರಿದು ಖಾಲಿಯಾದ ಕಡೆ ಮಾತ್ರ ಗೋಡೆ ಏಳಬಹುದು.

ನಮ್ಮ ಕೋಶಗಳಲ್ಲೂ ಇದರ ಜೋಡಿ ಇದೆ. ಎರಡು ಮರಿಕೋಶಗಳ ನಡುವಿನ ಕೊನೆಯ ಸೇತುವೆಯಲ್ಲಿ ವರ್ಣತಂತುವಿನ ಬಾಲವೇನಾದರೂ ಸಿಕ್ಕಿಕೊಂಡಿದ್ದರೆ, ಅದೇ ಅರೋರ ಬಿ ಈಗ ಸೇತುವೆಯ ಹತ್ತಿರ ನಿಂತು ಕಡಿತವನ್ನು ತಡೆಹಿಡಿಯುತ್ತದೆ. ಬಾಲ ಈಚೆಗೆ ಬಂದ ಮೇಲೆ ಸೇತುವೆ ಕಡಿದು, ಒಂದಿದ್ದ ಕೋಶ ಎರಡಾಗುತ್ತದೆ.